ಕರಾವಳಿಯಲ್ಲಿ ಹಂದಿ ಸಾಕಣೆ, ಜೊತೆಗೆ ಸ್ವಂತ ಆಹಾರ ಘಟಕ: ತರಬೇತಿಯಲ್ಲಿ ಏನನ್ನು ಕೈಯಾರೆ ಕಲಿಯಬೇಕು?

ಮಾಜಾಳಿ_ಹಕ್ಕಲು

ಕಾರವಾರದಿಂದ ಉತ್ತರಕ್ಕೆ, ಗೋವಾ ಗಡಿಯ ಹತ್ತಿರ ಒಂದೂವರೆ ಎಕರೆ ಹಕ್ಕಲು ಜಾಗ (ಗದ್ದೆಯಲ್ಲದ ಒಣ ಭೂಮಿ) ಇದೆ. 20 ತಾಯಿ ಹಂದಿ, 2 ಬೀಜದ ಗಂಡು ಇಟ್ಟು, ಮರಿಗಳನ್ನು 90 ಕಿಲೊವರೆಗೆ ಬೆಳೆಸಿ ಮಾರುವ ಲೆಕ್ಕ. ಆಹಾರವನ್ನೂ ನಾವೇ ತಯಾರಿಸಬೇಕೆಂದಿದೆ. ಶುರು ಮಾಡುವ ಮೊದಲು ಸರಿಯಾದ ತರಬೇತಿ ಬೇಕು.

ಎಲ್ಲಿಗೆ ಹೋಗಬೇಕು? ತರಬೇತಿಯಲ್ಲಿ ಏನೇನು ಇರಲೇಬೇಕು? ಮಿಕ್ಸರ್, ಗಿರಣಿ ಎಷ್ಟು ದೊಡ್ಡದು ಬೇಕು? ಹೋಟೆಲ್ ಮುಸುರೆ ಗೋವಾ ಕಡೆಯಿಂದ ಧಾರಾಳವಾಗಿ ಸಿಗುತ್ತದೆ, ಅದನ್ನು ನಂಬಬಹುದೇ? ತಿಳಿದವರು ಬಿಡಿಸಿ ಹೇಳಿ.

ಹಿಂಡಿ_ಬೂಸಾ

ಯಂತ್ರದ ಮಾತು ಆಮೇಲೆ. ಮೊದಲು ವರ್ಷಕ್ಕೆ ಎಷ್ಟು ಆಹಾರ ಬೇಕು ಎಂದು ಲೆಕ್ಕ ಹಾಕಿ. ತರಬೇತಿಯ ಮೊದಲ ದಿನ ಈ ಲೆಕ್ಕ ಮಾಡಿಸದಿದ್ದರೆ ಉಳಿದದ್ದೆಲ್ಲ ಗಾಳಿಯಲ್ಲಿ ಮಾತಾಡಿದ ಹಾಗೆ.

ತಾಯಿ ಹಂದಿ ಗಬ್ಬದ 114 ದಿನ ದಿನಕ್ಕೆ 2ರಿಂದ 2.5 ಕಿಲೊ ತಿನ್ನುತ್ತದೆ. ಮರಿ ಹಾಕಿ ಹಾಲುಣಿಸುವಾಗ 5 ಕಿಲೊ ಮೇಲೆಯೇ. ಒಂದು ಸುತ್ತಿಗೆ ಐದೂವರೆ ತಿಂಗಳು ಹಿಡಿದರೆ ವರ್ಷಕ್ಕೆ ಒಂದು ತಾಯಿಗೆ ಸುಮಾರು ಒಂದು ಟನ್. ಇಪ್ಪತ್ತಕ್ಕೆ 20–21 ಟನ್, ಗಂಡಿಗೆ ಒಂದೂವರೆ ಟನ್.

ದೊಡ್ಡ ಬಾಬ್ತು ಬೆಳೆಯುವ ಮರಿಗಳದ್ದು. ತಾಯಿಗೆ ವರ್ಷಕ್ಕೆ ಎರಡು ಸೂಲು, ಸೂಲಿಗೆ 8 ಮರಿ ಉಳಿದರೆ 320 ಮರಿ. 10 ಕಿಲೊದಿಂದ 90 ಕಿಲೊಗೆ ಬರಲು, ಕಿಲೊ ತೂಕಕ್ಕೆ 3.3 ಕಿಲೊ ಆಹಾರದಂತೆ, ಒಂದೊಂದಕ್ಕೆ 264 ಕಿಲೊ. ಅಲ್ಲಿಗೆ 84 ಟನ್. ಎಲ್ಲ ಸೇರಿ ವರ್ಷಕ್ಕೆ 105–107 ಟನ್, ತಿಂಗಳಿಗೆ 9 ಟನ್, ದಿನಕ್ಕೆ 300 ಕಿಲೊ.

ಅಂದರೆ 500 ಕಿಲೊ ಹಿಡಿಯುವ ಒಂದು ಮಿಕ್ಸರ್, 10 ಎಚ್‌ಪಿ ಸುತ್ತಿಗೆ ಗಿರಣಿ ಸಾಕು. ಒಣಗಿದ ಮೆಕ್ಕೆಜೋಳವಾದರೆ 3 ಮಿಮೀ ಜರಡಿಯಲ್ಲಿ ಗಂಟೆಗೆ 400–500 ಕಿಲೊ ಪುಡಿಯಾಗುತ್ತದೆ. ಆಹಾರವನ್ನು ಗುಳಿಗೆ ಮಾಡುವ ಪೆಲೆಟ್ ಯಂತ್ರ ಈಗಲೇ ಬೇಡ. ಹೆಸ್ಕಾಂನಿಂದ ಮೂರು ಫೇಸ್ ಸಂಪರ್ಕ ಸಿಗುತ್ತದೋ ಇಲ್ಲವೋ ಎಂಬುದನ್ನು ಶೆಡ್ಡಿಗೆ ಅಡಿಪಾಯ ಹಾಕುವ ಮೊದಲೇ ವಿಚಾರಿಸಿಕೊಳ್ಳಿ.

ಪಶುವೈದ್ಯ_ಕುಮಟಾ

ತರಬೇತಿಯ ಸ್ಥಳಗಳು ಹೀಗಿವೆ. ಜಿಲ್ಲೆಯೊಳಗೆ ಶಿರಸಿಯ ಕೃಷಿ ವಿಜ್ಞಾನ ಕೇಂದ್ರ. ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆ, ಅಂದರೆ ಆರ್‌ಸೆಟಿಯಲ್ಲಿ ತರಬೇತಿ, ಊಟ, ವಸತಿ ಉಚಿತ. ಹಂದಿ ಸಾಕಣೆಯ ತಂಡ ಯಾವಾಗ ಎಂದು ಮೊದಲೇ ಕೇಳಿಕೊಂಡು ಹೆಸರು ಕೊಡಬೇಕು. ನಿಮಗೆ ಮಾಜಾಳಿಯಿಂದ ಹತ್ತಿರವಾಗುವುದು ಹಳೆ ಗೋವಾದ ಐಸಿಎಆರ್ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆ. ಅಲ್ಲಿ ಹಂದಿ ಘಟಕ ಇದೆ, ಹಂದಿಯ ಕೃತಕ ಗರ್ಭಧಾರಣೆಯ ಕೆಲಸ ನಡೆಯುತ್ತದೆ, ಅವರ ಹವೆ ನಮ್ಮ ಹವೆಯೇ. ಆಳವಾಗಿ ಕಲಿಯಬೇಕೆಂದರೆ ಬೆಂಗಳೂರಿನ ಹೆಬ್ಬಾಳ ಪಶುವೈದ್ಯಕೀಯ ಕಾಲೇಜು, ಕೇರಳದ ಮಣ್ಣುತ್ತಿ. ಆಹಾರದ ವಿಷಯಕ್ಕೆ ಬೆಂಗಳೂರಿನ ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ.

ಸರ್ಟಿಫಿಕೇಟ್ ಯಾರು ಬೇಕಾದರೂ ಕೊಡುತ್ತಾರೆ. ನೀವು ನೋಡಬೇಕಾದ್ದು, ಹಂದಿಯನ್ನು ನಿಮ್ಮ ಕೈಗೆ ಕೊಡುತ್ತಾರೋ ಇಲ್ಲವೋ ಎಂದು. ಕನಿಷ್ಠ ಇಷ್ಟನ್ನು ಕೈಯಾರೆ ಮಾಡಿರಬೇಕು:

ಬೆದೆ ಗುರುತಿಸುವುದು. 21 ದಿನಕ್ಕೊಮ್ಮೆ ಬರುತ್ತದೆ, ಎರಡು-ಮೂರು ದಿನ ಇರುತ್ತದೆ. ಬೆನ್ನಿನ ಮೇಲೆ ಎರಡೂ ಅಂಗೈಯಿಂದ ಒತ್ತಿದಾಗ ಕಿವಿ ನಿಮಿರಿಸಿ ಅಲ್ಲಾಡದೆ ನಿಂತರೆ ಅದು ನಿಜವಾದ ಬೆದೆ. ಹಾಗೆ ನಿಲ್ಲಲು ಶುರುವಾದ 12 ಗಂಟೆಗೆ ಒಮ್ಮೆ, 24 ಗಂಟೆಗೆ ಇನ್ನೊಮ್ಮೆ ಗಂಡು ಬಿಡಬೇಕು. ಬರೀ ಕೆಂಪು, ಊತ ನೋಡಿ ಬಿಟ್ಟರೆ ಬೇಗ ಆಗಿಬಿಡುತ್ತದೆ. ಮರಿ ಕಡಿಮೆಯಾಗಲು ಇದು ದೊಡ್ಡ ಕಾರಣ.

ಹುಟ್ಟಿದ ಮರಿಯ ಆರೈಕೆ. ಮೂಗು-ಬಾಯಿ ಒರೆಸಿ, ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ, ಮೊದಲ ಆರು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಬೇಕು. ಮರಿ ಮಲಗುವ ಜಾಗ 32–34 ಡಿಗ್ರಿ ಬೆಚ್ಚಗಿರಬೇಕು. ಮೂರನೇ ದಿನ 200 ಮಿಗ್ರಾಂ ಕಬ್ಬಿಣದ ಇಂಜೆಕ್ಷನ್. ಕಾಂಕ್ರೀಟ್ ನೆಲದ ಮೇಲೆ ಹುಟ್ಟಿದ ಮರಿಗೆ ಮಣ್ಣಿನಿಂದ ಕಬ್ಬಿಣ ಸಿಗುವುದಿಲ್ಲ, ತಾಯಿಯ ಹಾಲಿನಲ್ಲಿ ಇರುವುದು ಅತ್ಯಲ್ಪ. ಇಂಜೆಕ್ಷನ್ ತಪ್ಪಿದರೆ ಎರಡು-ಮೂರು ವಾರಕ್ಕೆ ಮರಿ ಬಿಳಿಚಿಕೊಂಡು ಏದುಸಿರು ಬಿಡುತ್ತದೆ.

ಗಂಡು ಮರಿಯ ಬೀಜ ಒಡೆಯುವುದು ಎರಡು ವಾರದೊಳಗೆ. ತಡವಾದಷ್ಟೂ ಗಾಯ ದೊಡ್ಡದು.

ತಕ್ಕಡಿ ಇಲ್ಲದೆ ತೂಕ ಅಂದಾಜು ಮಾಡುವುದು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಎರಡು ಕಿವಿಯ ನಡುವಿನಿಂದ ಬಾಲದ ಬುಡದವರೆಗೆ ಉದ್ದ, ಎರಡನ್ನೂ ಮೀಟರಿನಲ್ಲಿ ಅಳೆಯಿರಿ. ಸುತ್ತಳತೆ × ಸುತ್ತಳತೆ × ಉದ್ದ × 69.3. ಸುತ್ತಳತೆ 1 ಮೀಟರ್, ಉದ್ದ 1.1 ಮೀಟರ್ ಇದ್ದರೆ 76 ಕಿಲೊ. ಮಾರುವಾಗ ದಲ್ಲಾಳಿ ಕಣ್ಣಂದಾಜಿನಲ್ಲಿ 65 ಎಂದರೆ ಟೇಪು ತೆಗೆಯಿರಿ.

ಅಘನಾಶಿನಿ_ದಂಡೆ

ಸೋಯಾ ಹಿಂಡಿ ದುಬಾರಿ. ನಮ್ಮ ಕಡೆ ಗಾಣದ ಕೊಬ್ಬರಿ ಹಿಂಡಿ ಇದೆ, ಒಣಮೀನು ಇದೆ, ಕುಚ್ಚಲಕ್ಕಿ ತೌಡು ಇದೆ. ಇವುಗಳಲ್ಲೇ ಪ್ರೊಟೀನ್ ಲೆಕ್ಕ ಸರಿದೂಗಿಸಿದರೆ ಆಗದೇ?

ಹಿಂಡಿ_ಬೂಸಾ

ಪ್ರೊಟೀನ್ ಲೆಕ್ಕ ಸರಿದೂಗುತ್ತದೆ, ಹಂದಿ ಬೆಳೆಯುವುದಿಲ್ಲ! ಬಹಳ ಜನ ಎಡವುವುದು ಇಲ್ಲೇ, ಹಾಗಾಗಿ ಅಂಕಿ ಸಮೇತ ಬರೆಯುತ್ತೇನೆ.

20ರಿಂದ 50 ಕಿಲೊ ತೂಕದ ಮರಿಗಳಿಗೆ ಒಂದು ಮಾದರಿ, 100 ಕಿಲೊಗೆ: ಮೆಕ್ಕೆಜೋಳ 55, ಸೋಯಾ ಹಿಂಡಿ 20, ಗೋಧಿ ಬೂಸಾ 12, ಎಣ್ಣೆ ತೆಗೆದ ತೌಡು 5.5, ಕೊಬ್ಬರಿ ಹಿಂಡಿ 5, ಖನಿಜ ಮಿಶ್ರಣ 2, ಉಪ್ಪು ಅರ್ಧ ಕಿಲೊ. ಇದರ ಮೇಲೆ ವಿಟಮಿನ್ ಪ್ರಿಮಿಕ್ಸ್, ಪ್ಯಾಕೆಟ್ ಮೇಲೆ ಬರೆದ ಪ್ರಮಾಣದಲ್ಲಿ.

ಪ್ರೊಟೀನ್: ಜೋಳ 9% ಹಿಡಿದರೆ 4.95, ಸೋಯಾ 45% ಹಿಡಿದರೆ 9, ಬೂಸಾದಿಂದ 1.8, ತೌಡಿನಿಂದ 0.8, ಕೊಬ್ಬರಿಯಿಂದ 1.05. ಒಟ್ಟು 17.6. ಲೈಸಿನ್ (ಮರಿಯ ಮೈ ಬೆಳೆಯಲು ಬೇಕೇ ಬೇಕಾದ ಪ್ರೊಟೀನಿನ ಒಂದು ಅಂಶ) ಸುಮಾರು 0.83. ಇದಕ್ಕೆ 150 ಗ್ರಾಂ ಲೈಸಿನ್ ಪುಡಿ ಸೇರಿಸಿದರೆ 0.95ರ ಹತ್ತಿರ ಬರುತ್ತದೆ. ಒಳ್ಳೆಯ ತಳಿಯ ಮರಿಗೆ ಅಷ್ಟು ಬೇಕು.

ಈಗ ನೀವು ಹೇಳಿದ ಹಾಗೆ 10 ಕಿಲೊ ಸೋಯಾ ತೆಗೆಯೋಣ. ಹೋದದ್ದು 4.5 ಕಿಲೊ ಪ್ರೊಟೀನ್. ಅದನ್ನು 21% ಪ್ರೊಟೀನಿನ ಕೊಬ್ಬರಿ ಹಿಂಡಿಯಿಂದ ತುಂಬಲು 21 ಕಿಲೊ ಬೇಕು. ಸೋಯಾದ ಜೊತೆ ಹೋದ ಲೈಸಿನ್ 280 ಗ್ರಾಂ, ಕೊಬ್ಬರಿಯಿಂದ ಬಂದದ್ದು 115 ಗ್ರಾಂ. ಕಾಗದದ ಮೇಲೆ ಪ್ರೊಟೀನ್ ಅಷ್ಟೇ ಇದೆ, ಲೈಸಿನ್ ಐದರಲ್ಲಿ ಒಂದು ಪಾಲು ಮಾಯ. ಮೇಲಾಗಿ 11 ಕಿಲೊ ಹೆಚ್ಚುವರಿ ಹಿಂಡಿಗೆ ಜಾಗ ಮಾಡಲು ಅಷ್ಟು ಜೋಳ ಕಡಿತವಾಗಬೇಕು, ನಾರು ಏರುತ್ತದೆ. ಮರಿ ಹೊಟ್ಟೆ ತುಂಬ ತಿಂದು ಡೊಳ್ಳು ಹೊಟ್ಟೆಯಾಗಿ, ತೊಡೆ-ಬೆನ್ನು ತುಂಬದೆ ನಿಲ್ಲುತ್ತದೆ. ಮಾರುಕಟ್ಟೆ ತೂಕಕ್ಕೆ ಬರಲು ತಿಂಗಳು ಹೆಚ್ಚು ಹಿಡಿದರೆ ಉಳಿಸಿದ ದುಡ್ಡಿಗೆ ಎರಡರಷ್ಟು ಹೋಯಿತು.

ಕೊಬ್ಬರಿ ಹಿಂಡಿಯನ್ನು 100 ಕಿಲೊ ಮಿಶ್ರಣಕ್ಕೆ ಬೆಳೆಯುವ ಮರಿಗೆ 5–10 ಕಿಲೊ, ಗಬ್ಬದ ತಾಯಿಗೆ 15ರವರೆಗೆ ಧಾರಾಳ ಹಾಕಿ. ಗಬ್ಬದ ಹಂದಿಗೆ ನಾರು ಬೇಕು, ಹೊಟ್ಟೆ ತುಂಬಿದ ಸಮಾಧಾನ ಬೇಕು. ಅಲ್ಲಿ ಅದು ಸರಿಯಾದ ಜಾಗದಲ್ಲಿದೆ.

ಕುಚ್ಚಲಕ್ಕಿ ತೌಡಿನ ಬಗ್ಗೆ ಮಾತ್ರ ನೀವು ಹೇಳಿದ್ದು ಪೂರಾ ಸರಿ. ಬೆಳ್ತಿಗೆ (ಕುಚ್ಚದ) ಅಕ್ಕಿಯ ಹಸಿ ತೌಡಿನಲ್ಲಿ ಗಿರಣಿಯಿಂದ ಹೊರಬಿದ್ದ ಕ್ಷಣದಿಂದಲೇ ಕೊಬ್ಬು ಒಡೆಯುವ ಕಿಣ್ವ ಕೆಲಸ ಶುರು ಮಾಡುತ್ತದೆ. ಮಳೆಗಾಲದಲ್ಲಿ ಒಂದು ವಾರಕ್ಕೆ ಕಮಟು. ಕುಚ್ಚುವಾಗ ಭತ್ತಕ್ಕೆ ಹಬೆ ಹತ್ತಿ ಆ ಕಿಣ್ವ ಸತ್ತಿರುತ್ತದೆ, ಹಾಗಾಗಿ ನಮ್ಮ ಕರಾವಳಿಯ ತೌಡು ಹೆಚ್ಚು ತಾಳುತ್ತದೆ. ಎಣ್ಣೆಯೂ ಜಾಸ್ತಿ. ಆ ಎಣ್ಣೆಯೇ ಮಿತಿ ಕೂಡ. ಕೊನೆಯ ಹಂತದ ಹಂದಿಗೆ ವಿಪರೀತ ಹಾಕಿದರೆ ಕೊಬ್ಬು ಗಟ್ಟಿಯಾಗದೆ ಜೋಲುತ್ತದೆ, ಕಟುಕ ಎರಡನೇ ಸಲ ಕೊಳ್ಳುವುದಿಲ್ಲ. 100 ಕಿಲೊ ಮಿಶ್ರಣಕ್ಕೆ 15 ಕಿಲೊ ದಾಟಬೇಡಿ.

ಹಳೇ ಹಲ್ಲರ್ ಮಿಲ್ಲಿನ ತೌಡು ಬೇಡ. ಹೊಟ್ಟು ಸೇರಿ ಬರುತ್ತದೆ. ಒಂದು ಹಿಡಿಯನ್ನು ಬಿಳಿ ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ ನೋಡಿ. ಮೇಲೆ ತೇಲುವ ಹೊಳಪಿನ ಚೂರುಗಳೆಲ್ಲ ಹೊಟ್ಟು, ತಳದಲ್ಲಿ ಕೂರುವುದು ಮರಳು. ತೌಡು ನಡುವೆ ಗಂಜಿಯ ಹಾಗೆ ನಿಲ್ಲುತ್ತದೆ.

ಪಶುವೈದ್ಯ_ಕುಮಟಾ

ಒಣಮೀನಿನ ಬಗ್ಗೆ ಎಚ್ಚರಿಕೆ. ಕಡಲತೀರದಲ್ಲಿ ಸಿಗುವ ಒಣಮೀನಿನಲ್ಲಿ ಪ್ರೊಟೀನಿನ ಜೊತೆ ಮರಳು, ಉಪ್ಪು ಎರಡೂ ಇರುತ್ತವೆ. 15% ಉಪ್ಪಿರುವ ಮೀನನ್ನು 100 ಕಿಲೊ ಮಿಶ್ರಣಕ್ಕೆ 5 ಕಿಲೊ ಹಾಕಿದರೆ ಅದರಿಂದಲೇ 750 ಗ್ರಾಂ ಉಪ್ಪು ಬಂತು. ಮೇಲಿಂದ ಮತ್ತೆ ಅರ್ಧ ಕಿಲೊ ಹಾಕಿದರೆ ಒಂದೂಕಾಲು ಕಿಲೊ. ನೀರು ಸದಾ ಇದ್ದರೆ ಹಂದಿ ಅದನ್ನೂ ತಾಳಿಕೊಳ್ಳುತ್ತದೆ. ಕರೆಂಟು ಹೋಗಿ, ಪಂಪು ನಿಂತು, ಒಂದು ದಿನ ನೀರು ತಪ್ಪಿತೆನ್ನಿ, ಮರುದಿನ ಹಂದಿ ಕುರುಡಾದಂತೆ ಗೋಡೆಗೆ ಹಾಯುತ್ತದೆ, ನಾಯಿಯ ಹಾಗೆ ಕುಂಡಿಯೂರಿ ಕೂತು ಹಿಂದಕ್ಕೆ ವಾಲಿ ಸೆಳೆತಕ್ಕೆ ಬೀಳುತ್ತದೆ. ಆಗ ಗಾಬರಿಯಲ್ಲಿ ಬಕೆಟ್ಟುಗಟ್ಟಲೆ ನೀರು ಇಟ್ಟರೆ ಮಿದುಳು ಊದಿ ಬೇಗ ಸಾಯುತ್ತದೆ. ಸ್ವಲ್ಪ ಸ್ವಲ್ಪವೇ, ಪದೇ ಪದೇ ಕೊಟ್ಟು ವೈದ್ಯರನ್ನು ಕರೆಸಿ. ರೋಗ ಎಂದುಕೊಂಡು ಸೂಜಿ ಚುಚ್ಚುತ್ತ ಕೂರಬೇಡಿ.

ಒಣಮೀನು ಹಾಕುವುದಾದರೆ ಮಿಶ್ರಣದ ಉಪ್ಪು ತೆಗೆಯಿರಿ, 5 ಕಿಲೊ ಮೀರಬೇಡಿ, ಮಾರುವ ನಾಲ್ಕು ವಾರ ಮೊದಲು ನಿಲ್ಲಿಸಿ. ಇಲ್ಲವಾದರೆ ಮಾಂಸಕ್ಕೆ ಮೀನಿನ ವಾಸನೆ. ಮೀನು ತಿನ್ನುವ ಊರಿನವರೇ ಆದರೂ ಹಂದಿ ಮಾಂಸದಲ್ಲಿ ಆ ವಾಸನೆ ಬಂದರೆ ವಾಪಸು ಕಳಿಸುತ್ತಾರೆ.

ಘಟ್ಟದಮೇಲೆ_ಶಿರಸಿ

ಜೋಳ ಯಾವಾಗ ಕೊಳ್ಳುವುದು, ಎಲ್ಲಿ ಇಡುವುದು, ಅದನ್ನು ಯಾರೂ ಹೇಳಲಿಲ್ಲವಲ್ಲ ಮಾರಾಯ್ರೆ. ಕರಾವಳಿಯಲ್ಲಿ ಘಟಕ ಮುಳುಗುವುದು ಸೂತ್ರ ತಪ್ಪಿ ಅಲ್ಲ, ತೇವದಿಂದ.

ಮುಂಡಗೋಡ, ಹಾವೇರಿ ಕಡೆ ಸುಗ್ಗಿಯಲ್ಲಿ ಜೋಳ ಅಗ್ಗ. ಆಸೆಗೆ ಬಿದ್ದು 20 ಟನ್ ಹೇರಿಕೊಂಡು ಘಟ್ಟ ಇಳಿಸಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮಗೆ ಬೇಕಾಗುವ ಜೋಳ ಸುಮಾರು 20 ಟನ್ನೇ, ಲೆಕ್ಕ ಸರಿ. ಆದರೆ ಕಾರವಾರದ ಮಳೆಗಾಲದ ಗಾಳಿಯಲ್ಲಿ ಆರ್ದ್ರತೆ 85–90%. ಆ ಗಾಳಿಗೆ ತೆರೆದಿಟ್ಟ ಜೋಳ 12% ತೇವದಲ್ಲಿ ಬಂದರೂ ತಾನಾಗಿ ನೀರು ಹೀರಿ 16–18ಕ್ಕೆ ಏರುತ್ತದೆ. 14 ದಾಟಿದರೆ ಬೂಸ್ಟಿಗೆ ದಾರಿ ತೆರೆದ ಹಾಗೆ. ಮೂರು ವಾರದ ದಾಸ್ತಾನು, ಅಂದರೆ ಮೂರೂವರೆ ಟನ್ ಜೋಳ ಇಟ್ಟುಕೊಳ್ಳಿ, ಹದಿನೈದು ದಿನಕ್ಕೊಮ್ಮೆ ತರಿಸಿ. ಮೂರು ವಾರ ಏಕೆಂದರೆ ಘಟ್ಟದ ರಸ್ತೆಗಳು, ಹೆದ್ದಾರಿ 66, ಯಾವುದು ಯಾವಾಗ ಕುಸಿಯುತ್ತದೋ ಹೇಳಲಾಗದು. 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಬಿದ್ದು ಹೆದ್ದಾರಿಯೇ ಬಂದಾದದ್ದು ಎಲ್ಲರಿಗೂ ಗೊತ್ತು.

ಕೊಳ್ಳುವಾಗ ತೇವ ಅಳೆಯುವ ಮೀಟರ್ ಇರಲಿ. ಇಲ್ಲದಿದ್ದರೆ ಒಂದು ಉಪಾಯ ಇದೆ: ಒಣಗಿದ ಗಾಜಿನ ಬಾಟಲಿಗೆ ಮುಕ್ಕಾಲು ಭಾಗ ಜೋಳ, ಒಂದೆರಡು ಚಮಚ ಚೆನ್ನಾಗಿ ಹುರಿದು ತಣಿಸಿದ ಪುಡಿಯುಪ್ಪು. ಮುಚ್ಚಿ ಒಂದು ನಿಮಿಷ ಅಲ್ಲಾಡಿಸಿ ಹತ್ತು ನಿಮಿಷ ಇಡಿ. ಉಪ್ಪು ಗಾಜಿನ ಒಳಮೈಗೆ ಅಂಟಿಕೊಂಡರೆ ತೇವ 15 ಮೇಲಿದೆ, ಲಾರಿ ವಾಪಸು. ಉದುರಿ ಕೆಳಗೆ ಬಿದ್ದರೆ ಇಳಿಸಿಕೊಳ್ಳಿ.

ದುಡ್ಡಿನ ಲೆಕ್ಕವೂ ನೋಡಿ. 17% ತೇವದ ಜೋಳ ಒಂದು ಕ್ವಿಂಟಲ್ ಕೊಂಡು 12ಕ್ಕೆ ಒಣಗಿಸಿದರೆ ಕೈಗೆ ಬರುವುದು 94 ಕಿಲೊ ಚಿಲ್ಲರೆ. ಉಳಿದದ್ದು ಜೋಳದ ದರಕ್ಕೆ ಕೊಂಡ ನೀರು.

ಅಡಿಕೆ ಡ್ರೈಯರ್ ಇದ್ದವರ ಪರಿಚಯ ಇದ್ದರೆ ಜೂನ್-ಜುಲೈನಲ್ಲಿ ಅದು ಖಾಲಿ ಇರುತ್ತದೆ. 60 ಡಿಗ್ರಿ ಒಳಗೆ, ತೆಳುವಾಗಿ ಹರವಿ ಒಣಗಿಸಬಹುದು. ಹೊಗೆ ನೇರವಾಗಿ ಹಾಯುವ ಭಟ್ಟಿಯಾದರೆ ಬೇಡ. ಇನ್ನೊಂದು ವಿಷಯ: ಮೈಲುತುತ್ತ, ಯೂರಿಯಾ ಬಂದ ಖಾಲಿ ಚೀಲಗಳು ತೋಟದವರ ಮನೆಯಲ್ಲಿ ರಾಶಿ ಇರುತ್ತವೆ. ಎಷ್ಟು ತೊಳೆದರೂ ಅದರಲ್ಲಿ ಆಹಾರ ತುಂಬಬೇಡಿ.

ಹಿಂಡಿ_ಬೂಸಾ

ಶಿರಸಿಯವರು ಹೇಳಿದ್ದಕ್ಕೆ ಗೋದಾಮಿನ ಮಾತು ಸೇರಿಸುತ್ತೇನೆ. ಚಿರೆಕಲ್ಲಿನ ಗೋಡೆ ಮಳೆಗಾಲದಲ್ಲಿ ನೀರು ಹೀರಿಕೊಂಡು ನಿಲ್ಲುತ್ತದೆ. ಚೀಲ ಗೋಡೆಗೆ ತಾಗಿದ ಕಡೆಯೇ ಮೊದಲು ಹಸಿರು ಬೂಸ್ಟು. ಗೋಡೆಯಿಂದ ಒಂದೂವರೆ ಅಡಿ, ನೆಲದಿಂದ ಅರ್ಧ ಅಡಿ ಬಿಡಿ. ಅಡಿಕೆ ದಬ್ಬೆಯ ಅಟ್ಟ ಅಗ್ಗ, ಗಟ್ಟಿ. ತಗಡಿನ ಮಾಡು ರಾತ್ರಿ ಬೆವರಿ ತೊಟ್ಟಿಕ್ಕುತ್ತದೆ, ಆ ಹನಿ ಮೇಲಿನ ಸಾಲಿನ ಚೀಲಕ್ಕೆ ಬೀಳುತ್ತದೆ. ಮಾಡಿನ ಕೆಳಗೆ ಇನ್ನೊಂದು ಹೊದಿಕೆ ಬೇಕೇ ಬೇಕು.

ಬೂಸ್ಟು ಬಂದ ಜೋಳವನ್ನು ಒಳ್ಳೆಯದರ ಜೊತೆ ಬೆರೆಸಿ ಮುಗಿಸುವ ಚಾಳಿ ಬಿಡಿ. ಹಂದಿ ಆಹಾರಕ್ಕೆ ಬೂಸ್ಟಿನ ವಿಷವಾದ ಅಫ್ಲಾಟಾಕ್ಸಿನ್ ಮಿತಿ ಕಿಲೊಗೆ 20 ಮೈಕ್ರೋಗ್ರಾಂ. ಅದು ಕಣ್ಣಿಗೆ ಕಾಣುವುದಿಲ್ಲ, ಬಿಸಿ ಮಾಡಿದರೆ ಸಾಯುವುದಿಲ್ಲ. ಕಾಣುವುದು ಪರಿಣಾಮ. ಆಹಾರ ಬಿಡುವುದು, ರೋಮ ಒರಟಾಗುವುದು. ಬೆದೆಗೆ ಬಾರದ ಎಳೆ ಹೆಣ್ಣು ಮರಿಗಳಲ್ಲೂ ಯೋನಿ ಕೆಂಪಾಗಿ ಊದಿದ್ದರೆ ಅದು ಇನ್ನೊಂದು ಜಾತಿಯ ಬೂಸ್ಟಿನ ವಿಷ, ಜಿಯರಾಲೆನೋನ್. ಬೆದೆ ಎಂದು ಗಂಡು ಬಿಡಬೇಡಿ, ಜೋಳ ಬದಲಿಸಿ. ಟಾಕ್ಸಿನ್ ಬೈಂಡರ್ (ವಿಷವನ್ನು ಹಿಡಿದಿಡುವ ಪುಡಿ) ಹಾಕಿದರೆ ಎಲ್ಲ ಸರಿಯಾಗುತ್ತದೆ ಎಂದು ಮಾರುವವರು ಹೇಳುತ್ತಾರೆ. ಅಫ್ಲಾಟಾಕ್ಸಿನ್ನಿಗೆ ಅದು ಕೆಲಸ ಮಾಡುತ್ತದೆ, ಉಳಿದ ವಿಷಗಳಿಗೆ ಮಣ್ಣಿನ ಬೈಂಡರ್ ಅಷ್ಟಕ್ಕಷ್ಟೇ.

ಗಂಗಾವಳಿ_ಗಿರಣಿ

ಮಿಶ್ರಣದ ಕ್ರಮವನ್ನು ತರಬೇತಿಗಳಲ್ಲಿ ಹತ್ತು ನಿಮಿಷದಲ್ಲಿ ಮುಗಿಸಿಬಿಡುತ್ತಾರೆ. ಅಸಲಿಗೆ ಅರ್ಧ ದಿನದ ಪಾಠ.

ಖನಿಜ, ಲೈಸಿನ್, ವಿಟಮಿನ್ ಪ್ರಿಮಿಕ್ಸ್ ಎಲ್ಲವನ್ನೂ ನೇರವಾಗಿ ದೊಡ್ಡ ಮಿಕ್ಸರಿಗೆ ಸುರಿಯಬಾರದು. ಮೊದಲು 10 ಕಿಲೊ ಜೋಳದ ಪುಡಿಯಲ್ಲಿ ಕೈಯಿಂದಲೋ ಸಣ್ಣ ಡ್ರಮ್ಮಿನಲ್ಲೋ ಬೆರೆಸಿ. ಮಿಕ್ಸರಿಗೆ ಜೋಳದ ಅರ್ಧ, ಆಮೇಲೆ ಸೋಯಾ, ಆಮೇಲೆ ಈ ಸಣ್ಣ ಮಿಶ್ರಣ, ಆಮೇಲೆ ಬೂಸಾ-ತೌಡು, ಕೊನೆಗೆ ಉಳಿದ ಜೋಳ. ಎಣ್ಣೆ ಹಾಕುವುದಿದ್ದರೆ ಒಣ ಪದಾರ್ಥ ಪೂರಾ ಬೆರೆತ ಮೇಲೆ. ಮೊದಲೇ ಹಾಕಿದರೆ ಪ್ರಿಮಿಕ್ಸ್ ಉಂಡೆ ಕಟ್ಟುತ್ತದೆ.

ಸಮಯ: ಅಡ್ಡ ರಿಬ್ಬನ್ ಮಿಕ್ಸರಿಗೆ 4–5 ನಿಮಿಷ, ನಿಂತ ಸ್ಕ್ರೂ ಮಿಕ್ಸರಿಗೆ 12–15 ನಿಮಿಷ, ಕೊನೆಯ ಪದಾರ್ಥ ಬಿದ್ದ ಮೇಲಿನಿಂದ. ರಿಬ್ಬನ್ ತುದಿ ಪ್ರತಿ ಸುತ್ತಿಗೂ ಪುಡಿಯ ಮೇಲೆ ಕಾಣಿಸಬೇಕು. ಬಾಯಿತನಕ ತುಂಬಿದರೆ ಮೇಲಿನ ಪದರ ಸುತ್ತುತ್ತಲೇ ಇರುತ್ತದೆ, ಬೆರೆಯುವುದಿಲ್ಲ. ನಿಂತ ಮಿಕ್ಸರಿನ ತಳದಲ್ಲಿ 3–4 ಕಿಲೊ ಯಾವಾಗಲೂ ಬೆರೆಯದೆ ಉಳಿಯುತ್ತದೆ. ಮೊದಲು ಹೊರಬರುವ ಆ ಭಾಗವನ್ನು ಮತ್ತೆ ಮೇಲಕ್ಕೆ ಸುರಿಯಬೇಕು.

ಬೆರೆತಿದೆಯೋ ಇಲ್ಲವೋ ನೋಡಲು: ಹತ್ತು ಕಡೆಯಿಂದ ಮಾದರಿ ತೆಗೆದು, ಒಂದೊಂದರ ಉಪ್ಪನ್ನು ಕ್ಲೋರೈಡ್ ಪಟ್ಟಿಯಲ್ಲಿ ಅಳೆಯಿರಿ. ಸರಾಸರಿಯಿಂದ ಏರಿಳಿತದ ಗುಣಾಂಕ 10% ಒಳಗಿದ್ದರೆ ಪಾಸು. ಹೊಸ ಯಂತ್ರ ಬಂದಾಗ ಒಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ.

ಗಿರಣಿಯ ಬಗ್ಗೆ. ಜರಡಿ ಹರಿದದ್ದು ಗೊತ್ತಾಗುವುದು ಹಿಕ್ಕೆಯಲ್ಲಿ. ಹಳದಿ ಚೂರುಗಳು ಹಾಗೇ ಹೊರಬರುತ್ತಿದ್ದರೆ ಜರಡಿ ಬಿಚ್ಚಿ ನೋಡಿ. ಹಾಗೆಂದು 1 ಮಿಮೀ ಜರಡಿ ಹಾಕಿ ಮೈದಾ ಮಾಡಬೇಡಿ. ಅತಿ ನುಣುಪಾದರೆ ಹಂದಿಯ ಜಠರದಲ್ಲಿ ಹುಣ್ಣಾಗುತ್ತದೆ, ಹಿಕ್ಕೆ ಕಪ್ಪು ಡಾಂಬರಿನಂತೆ ಬರುತ್ತದೆ. ಬೆರಳ ನಡುವೆ ಉಜ್ಜಿದರೆ ಸಣ್ಣ ರವೆಯ ಹಾಗೆ ಸಿಗಬೇಕು. ಸುತ್ತಿಗೆಯ ಒಂದು ಮೂಲೆ ಸವೆದರೆ ತಿರುಗಿಸಿ ಹಾಕಿ, ನಾಲ್ಕು ಮೂಲೆ ಮುಗಿದ ಮೇಲೆ ಇಡೀ ಸೆಟ್ಟು ಬದಲಿಸಿ. ಒಂದೆರಡನ್ನೇ ಬದಲಿಸಿದರೆ ತೂಕ ತಪ್ಪಿ ಬೇರಿಂಗ್ ಹೋಗುತ್ತದೆ. ಜೋಳ ಬೀಳುವ ಬಾಯಿಗೆ ಆಯಸ್ಕಾಂತ ಕಡ್ಡಾಯ. ಮೊಳೆ, ಬೋಲ್ಟು ಬರದ ಲೋಡೇ ಇಲ್ಲ.

ಇನ್ನು ಹಾಲು ಬಿಡಿಸುವ ಮರಿಗಳ ಮೊದಲ ಆಹಾರವನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಅದಕ್ಕೆ ಹಾಲಿನ ಪುಡಿ, ಬೇಯಿಸಿದ ಧಾನ್ಯ, 20% ಮೇಲ್ಪಟ್ಟ ಪ್ರೊಟೀನ್ ಬೇಕು. ಮರಿಯೊಂದಕ್ಕೆ ಬೇಕಾಗುವುದು ಕೆಲವೇ ಕಿಲೊ, ಕೊಂಡು ತನ್ನಿ.

ಮಾಜಾಳಿ_ಹಕ್ಕಲು

ಎಲ್ಲರಿಗೂ ಧನ್ಯವಾದ. ಮುಸುರೆಯ ಪ್ರಶ್ನೆ ಬಾಕಿ ಇದೆ. ಸಬ್ಸಿಡಿಯದ್ದೂ.

ಪಶುವೈದ್ಯ_ಕುಮಟಾ

ಮುಸುರೆ ಬೇಡ ಎಂಬುದೇ ನನ್ನ ಉತ್ತರ. ಕಾರಣ ಆಫ್ರಿಕನ್ ಹಂದಿ ಜ್ವರ. ಭಾರತದಲ್ಲಿ 2020ರಲ್ಲಿ ಅಸ್ಸಾಂ-ಅರುಣಾಚಲದಲ್ಲಿ ಮೊದಲು ಕಂಡಿತು, 2022ರಲ್ಲಿ ಕೇರಳದ ವಯನಾಡಿಗೆ ಬಂತು. ಲಸಿಕೆ ನಮ್ಮಲ್ಲಿಲ್ಲ. ವೈರಸ್ಸು ಹಸಿ ಮಾಂಸದಲ್ಲಿ, ಸಾಸೇಜಿನಲ್ಲಿ, ಉಪ್ಪು ಹಾಕಿ ಒಣಗಿಸಿದ್ದರಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಬದುಕಿರುತ್ತದೆ. ಹೋಟೆಲಿನ ಮುಸುರೆಯಲ್ಲಿ ಹಂದಿ ಮಾಂಸದ ಚೂರು ಇರುವುದಿಲ್ಲ ಎಂದು ಗೋವಾ ಪಕ್ಕದಲ್ಲಿ ಕೂತು ಹೇಳಲಾದೀತೇ? ಒಂದು ಕಡೆ ರೋಗ ದೃಢಪಟ್ಟರೆ ಸುತ್ತ 1 ಕಿಮೀ ಒಳಗಿನ ಹಂದಿಗಳನ್ನೆಲ್ಲ ಕೊಲ್ಲುತ್ತಾರೆ, 10 ಕಿಮೀವರೆಗೆ ನಿಗಾ. ನಿಮ್ಮದು ಸ್ವಚ್ಛವಾಗಿದ್ದರೂ ಪಕ್ಕದವರ ಬಕೆಟ್ಟಿನಿಂದ ನಿಮ್ಮದೂ ಹೋಗುತ್ತದೆ.

ಕುದಿಸಿ ಹಾಕುತ್ತೇವೆ ಎನ್ನುವವರಿಗೆ ಅಂತರರಾಷ್ಟ್ರೀಯ ಪಶು ಆರೋಗ್ಯ ಸಂಸ್ಥೆಯ ಅಳತೆ: 90 ಡಿಗ್ರಿಗೆ ಕಡಿಮೆಯಾಗದೆ, ಬಿಡದೆ ಕಲಕುತ್ತ ಒಂದು ಗಂಟೆ. ಡ್ರಮ್ಮಿನ ಅಂಚಿನಲ್ಲಿ ಗುಳ್ಳೆ ಬಂದರೆ ನಡುವಿನ ಅನ್ನದ ಮುದ್ದೆ 90 ಆಗಿರುವುದಿಲ್ಲ. ಸೌದೆ, ಆಳು ಎರಡರ ಖರ್ಚನ್ನೂ ಹಿಡಿದು, ಮುಸುರೆಯಲ್ಲಿ ಮುಕ್ಕಾಲು ಪಾಲು ನೀರೇ ಎಂಬುದನ್ನೂ ಹಿಡಿದು ಲೆಕ್ಕ ಹಾಕಿ ನೋಡಿ. ಸಸ್ತಾ ಅನ್ನಿಸುವುದಿಲ್ಲ.

ಜೋರು ಜ್ವರ, ಕಿವಿ-ಹೊಟ್ಟೆ ನೀಲಿಗಟ್ಟುವುದು, ಸಾಲಾಗಿ ಸಾವು ಕಂಡರೆ ಹೆಣ ಕೊಯ್ಯಬೇಡಿ, ಹಂದಿ ಹೊರಗೆ ಮಾರಬೇಡಿ, ಸ್ಥಳೀಯ ಪಶು ಆಸ್ಪತ್ರೆಗೆ ಆ ದಿನವೇ ತಿಳಿಸಿ. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯ 2009ರ ಕಾಯ್ದೆಯ ಪ್ರಕಾರ ತಿಳಿಸುವುದು ಮಾಲೀಕನ ಕರ್ತವ್ಯ. ಕ್ಲಾಸಿಕಲ್ ಹಂದಿ ಜ್ವರವೂ ಹೀಗೇ ಕಾಣುತ್ತದೆ, ಅದಕ್ಕೆ ಮಾತ್ರ ಲಸಿಕೆ ಇದೆ. ಎರಡು ತಿಂಗಳ ಹೊತ್ತಿಗೆ ಮರಿಗಳಿಗೆ, ತಾಯಿ-ಗಂಡಿಗೆ ವರ್ಷಕ್ಕೊಮ್ಮೆ. ಹೊಸ ಹಂದಿ ತಂದರೆ ಮೂವತ್ತು ದಿನ ಬೇರೆ ಶೆಡ್ಡು, ಬೇರೆ ಪೊರಕೆ, ಬೇರೆ ಗಮ್‌ಬೂಟು.

ಕಾಲು ಅದ್ದುವ ತೊಟ್ಟಿ ಮಾಡಿನ ಕೆಳಗಿರಲಿ. ನಮ್ಮ ಮಳೆಗೆ ತೆರೆದಿಟ್ಟ ತೊಟ್ಟಿ ಅರ್ಧ ಗಂಟೆಯಲ್ಲಿ ಬರೀ ಕೆಸರು ನೀರು. ಗೋಡೆ ಚಿರೆಕಲ್ಲಾದರೆ ನಾಲ್ಕು ಅಡಿ ಎತ್ತರದವರೆಗೆ ಸಿಮೆಂಟ್ ಗಿಲಾವು ಮಾಡಿ ನುಣುಪಾಗಿಸಿ. ಕಲ್ಲಿನ ತೂತಿನಲ್ಲಿ ಸಗಣಿ ಕೂತರೆ ಯಾವ ಔಷಧಿಯೂ ಒಳಗೆ ಮುಟ್ಟುವುದಿಲ್ಲ.

ಇದು ಮನುಷ್ಯರಿಗೆ ಸಂಬಂಧಿಸಿದ್ದು: ಹಂದಿ-ಇಲಿ-ನಿಂತ ನೀರು ಮೂರೂ ಸೇರಿದಲ್ಲಿ ಇಲಿಜ್ವರ. ಮಳೆಗಾಲದಲ್ಲಿ ಬರಿಗಾಲಲ್ಲಿ ಶೆಡ್ಡು ತೊಳೆಯಬೇಡಿ. ಗದ್ದೆಗೆ ಅಂಟಿ ಶೆಡ್ಡು ಕಟ್ಟಬೇಡಿ. ಗದ್ದೆಯ ಸೊಳ್ಳೆ ಹಂದಿಯಿಂದ ಜಪಾನೀಸ್ ಎನ್ಸೆಫಲೈಟಿಸ್ ವೈರಸ್ಸನ್ನು ಮಕ್ಕಳಿಗೆ ದಾಟಿಸುತ್ತದೆ. ನಿಮ್ಮದು ಹಕ್ಕಲು ಜಾಗ, ಆ ಮಟ್ಟಿಗೆ ಒಳ್ಳೆಯದು.

ಸಾಲ_ಸಬ್ಸಿಡಿ

ಚುಟುಕಾಗಿ. ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ ಹಂದಿ ಘಟಕಕ್ಕೆ 50% ಬಂಡವಾಳ ಸಬ್ಸಿಡಿ ಇದೆ. 50 ತಾಯಿ, 5 ಗಂಡಿಗೆ 15 ಲಕ್ಷದವರೆಗೆ, 100 ತಾಯಿ, 10 ಗಂಡಿಗೆ 30 ಲಕ್ಷದವರೆಗೆ. ನಿಮ್ಮ 20 ಅದರೊಳಗೆ ಬರುವುದಿಲ್ಲ, ಅದಕ್ಕಾಗಿ ಒಮ್ಮೆಲೇ 50ಕ್ಕೆ ಹಾರಬೇಡಿ. ಅರ್ಜಿಗೆ ತರಬೇತಿ ಅಥವಾ ಅನುಭವ ತೋರಿಸಬೇಕು, ಸರ್ಟಿಫಿಕೇಟ್ ಜೋಪಾನ. ಜಾಗ ಸಮುದ್ರದ ಭರತದ ಗೆರೆಯಿಂದ 500 ಮೀಟರ್ ಒಳಗಿದ್ದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ತಕರಾರು ಬರುತ್ತದೆ. ಪಂಚಾಯತಿ ಎನ್‌ಒಸಿ ಕೇಳುವಾಗ ಗೊಬ್ಬರದ ಗುಂಡಿಯ ನಕ್ಷೆಯನ್ನೂ ಜೊತೆಗೆ ಕೊಡಿ. ನೆರೆಯವರ ಆಕ್ಷೇಪ ಬರುವುದು ವಾಸನೆಗೇ.

ಅಘನಾಶಿನಿ_ದಂಡೆ

ಗೇರು ಹಣ್ಣಿನ ರಸ ತೆಗೆದ ಚರಟ, ಹಲಸಿನ ರೆಚ್ಚೆ ಎರಡೂ ಏಪ್ರಿಲ್-ಮೇನಲ್ಲಿ ಹೊನ್ನಾವರ, ಕುಮಟಾ ಕಡೆ ದಂಡಿಯಾಗಿ ಬೀಳುತ್ತವೆ. ಅದನ್ನಾದರೂ ಹಾಕಬಹುದೇ?

ಹಿಂಡಿ_ಬೂಸಾ

ಹಾಕಬಹುದು. ಗೇರಿನ ಚರಟವನ್ನು ಬಿಸಿಲಲ್ಲಿ ಕಟಕಟ ಒಣಗಿಸಿ ಪುಡಿ ಮಾಡಿ, ಬೆಳೆಯುವ ಹಂದಿಗೆ 100 ಕಿಲೊ ಮಿಶ್ರಣಕ್ಕೆ 10 ಕಿಲೊವರೆಗೆ ಜೋಳದ ಬದಲು. ಹಸಿಯಾಗಿ ಕೂಡಿಟ್ಟರೆ ಮರುದಿನವೇ ಹುಳಿ ಬಂದು ಹೆಂಡವಾಗುತ್ತದೆ. ಬೀಜ ಒಂದೂ ಉಳಿದಿರಬಾರದು, ಸಿಪ್ಪೆಯ ಎಣ್ಣೆ ಬಾಯಿ ಸುಡುತ್ತದೆ. ಹಲಸಿನ ರೆಚ್ಚೆ ಗಬ್ಬದ ತಾಯಿಗಳಿಗೆ ಹಸಿಯಾಗಿಯೇ, ದಿನಕ್ಕೆ ಎರಡು-ಮೂರು ಕಿಲೊ, ಅಂದಂದಿನದ್ದು ಅಂದೇ. ಹಲಸಿನ ಬೀಜ ಮಾತ್ರ ಬೇಯಿಸಿ.

ಮಾಜಾಳಿ_ಹಕ್ಕಲು

ಹಾಗಾದರೆ ಹೀಗೆ ಮಾಡುತ್ತೇನೆ: ಮೊದಲು ಹಳೆ ಗೋವಾದಲ್ಲಿ ತರಬೇತಿ, ಆಮೇಲೆ 8 ತಾಯಿಯಿಂದ ಶುರು. ಆಹಾರ ಮೊದಲ ಆರು ತಿಂಗಳು ಕೊಂಡು, ಮಳೆ ಮುಗಿದ ಮೇಲೆ ಗಿರಣಿ-ಮಿಕ್ಸರ್. ನೀರಿಗೆ ತೆರೆದ ಬಾವಿ ಇದೆ, ಹಂದಿ ಬಾಯಿಂದ ಒತ್ತಿದರೆ ನೀರು ಬರುವ ನಿಪ್ಪಲ್ ಹಾಕಿಸುತ್ತೇನೆ. ಏನಾದರೂ ಬಿಟ್ಟುಹೋಗಿದೆಯೇ?

ಪಶುವೈದ್ಯ_ಕುಮಟಾ

ಬಾವಿಯ ನೀರು ಪರೀಕ್ಷೆ ಮಾಡಿಸಿದ್ದೀರಾ? ಕಾಳಿ ನದಿಯ ಉತ್ತರಕ್ಕೆ, ಕಡಲಿಗೆ ಹತ್ತಿರದ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪು ನುಗ್ಗುತ್ತದೆ. ಲೀಟರಿಗೆ ಕರಗಿದ ಲವಣ 1000 ಮಿಗ್ರಾಂ ಒಳಗಿದ್ದರೆ ಚಿಂತೆಯಿಲ್ಲ, 3000ವರೆಗೆ ಮರಿಗಳಿಗೆ ಕೆಲ ದಿನ ಭೇದಿಯಾಗಬಹುದು, ಅದಕ್ಕೂ ಮೇಲಾದರೆ ಹಂದಿಯೇ ಕುಡಿಯಲು ಹಿಂಜರಿಯುತ್ತದೆ. ನೀರು ಕಡಿಮೆ ಕುಡಿದ ತಾಯಿಗೆ ಹಾಲು ಇಳಿಯುವುದಿಲ್ಲ. ಮಾದರಿಯನ್ನು ಮೇ ಕೊನೆಯಲ್ಲಿ, ಮೊದಲ ಮಳೆಗೆ ಮುಂಚೆ ತೆಗೆಯಿರಿ. ಆಗಸ್ಟಿನಲ್ಲಿ ತೆಗೆದರೆ ಎಲ್ಲ ಬಾವಿಯೂ ಸಿಹಿ. ಲವಣ ಹೆಚ್ಚಿದ್ದರೆ ಬೇಸಿಗೆಯ ಮಿಶ್ರಣದಲ್ಲಿ ಉಪ್ಪಿನ ಪಾಲು ತಗ್ಗಿಸಿ.

ನಿಪ್ಪಲ್ ಹಾಕಿಸಿದ ಮೇಲೆ ಒಂದು ಲೀಟರ್ ಪಾತ್ರೆ, ಗಡಿಯಾರ ಹಿಡಿದು ಹರಿವು ನೋಡಿ. ಹಾಲುಣಿಸುವ ತಾಯಿಗೆ ನಿಮಿಷಕ್ಕೆ ಒಂದೂವರೆ-ಎರಡು ಲೀಟರ್, ಬೆಳೆಯುವ ಮರಿಗಳಿಗೆ ಮುಕ್ಕಾಲರಿಂದ ಒಂದು ಲೀಟರ್. ಬಾವಿಯ ಸಣ್ಣ ಮರಳು ನಿಪ್ಪಲ್ ಒಳಗಿನ ಜಾಲರಿಯಲ್ಲಿ ಕೂರುತ್ತದೆ, ಟ್ಯಾಂಕಿನಿಂದ ಇಳಿಯುವ ಪೈಪಿಗೇ ಒಂದು ಫಿಲ್ಟರ್ ಹಾಕಿಸಿ, ವಾರಕ್ಕೊಮ್ಮೆ ಬಿಚ್ಚಿ ತೊಳೆಯಿರಿ.